ಸಾತಾರಾ ಹಿಲ್ ಹಾಫ್ ಮ್ಯಾರಥಾನ್: ಇಳಿಜಾರಿಗೂ ತಯಾರಿ ಬೇಕು

ಮಹಾರಾಷ್ಟ್ರದ ಸಾತಾರಾದಲ್ಲಿ ನಡೆಯುವ ಈ 21 ಕಿಲೋಮೀಟರಿನ ಬೆಟ್ಟದ ಓಟಕ್ಕೆ ಹೆಸರು ಕೊಟ್ಟವರು ಮೊದಲು ಕೇಳುವ ಪ್ರಶ್ನೆ ಒಂದೇ: ಏರು ಎಷ್ಟಿದೆ? ಇಳಿಜಾರಿನ ಬಗ್ಗೆ ಕೇಳುವವರು ತೀರಾ ಕಡಿಮೆ. ಆದರೆ ಆ ರಸ್ತೆಯಲ್ಲಿ ಹದಿನೈದನೇ ಕಿಲೋಮೀಟರ್ ದಾಟಿದ ಮೇಲೆ ಕಾಲು ಹಿಡಿದುಕೊಂಡು ಪಕ್ಕಕ್ಕೆ ನಿಂತವರನ್ನು ನೋಡಿದರೆ ಗೊತ್ತಾಗುತ್ತದೆ, ಅವರನ್ನು ಕೆಡವಿದ್ದು ಹತ್ತಿದ ದಾರಿಯಲ್ಲ, ಇಳಿದ ದಾರಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಹೋಗುವ ಹವ್ಯಾಸಿ ಓಟಗಾರರಿಗೆ ಅನುಕೂಲವಾಗಲಿ ಎಂದು ತಯಾರಿಯಿಂದ ಮುಗಿದ ಮರುದಿನದವರೆಗಿನ ವಿವರ ಇಲ್ಲಿದೆ.

ಮೊದಲು ದಾರಿ. ಈ ಓಟ 2012ರಲ್ಲಿ ಶುರುವಾಯಿತು. 2015ರಲ್ಲಿ ಒಂದೇ ಬೆಟ್ಟದಲ್ಲಿ ಅತಿ ಹೆಚ್ಚು ಜನ ಓಡಿದ ಗಿನ್ನೆಸ್ ದಾಖಲೆಯೂ ಬಂತು. ಅಲ್ಲಿಂದೀಚೆಗೆ ನೋಂದಣಿ ತೆರೆದ ಕೂಡಲೇ ನುಗ್ಗಾಟ. ಓಟ ಸಾತಾರಾ ಊರೊಳಗೆ ಆರಂಭವಾಗಿ, ಹಳೆಯ ಬೀದಿಗಳಲ್ಲಿ ಸಮರ್ಥ ಮಂದಿರದ ಕಡೆ ಸಾಗಿ, ಬೋಗ್ದಾ ಬಳಿಯಿಂದ ಯವತೇಶ್ವರ ಘಾಟಿ ಹಿಡಿಯುತ್ತದೆ. ಮೇಲೆ ಕಾಸ್ ಪಠಾರಕ್ಕೆ (ಹೂವಿನ ಬಯಲಿಗೆ) ಹೋಗುವ ರಸ್ತೆಯಲ್ಲಿ ಅರ್ಧ ದೂರ ಮುಗಿಸಿ, ತಿರುಗಿ ಅದೇ ದಾರಿಯಲ್ಲಿ ಕೆಳಗೆ. ಕೆಳಗಿನಿಂದ ಮೇಲಿನವರೆಗೆ ಮುನ್ನೂರು ಮೀಟರಿಗೂ ಹೆಚ್ಚು ಏರು. ಪೂರ್ತಿ ಡಾಂಬರು ರಸ್ತೆ, ಕಲ್ಲುಮಣ್ಣಿನ ಕಾಲುದಾರಿಯಲ್ಲ. ಹಾಗಾಗಿ ಟ್ರೇಲ್ ಶೂ ಬೇಡ. ಅದರ ಅಡಿಯ ಗಟ್ಟಿ ಮುಳ್ಳುಗಳು ಒದ್ದೆ ಡಾಂಬರಿನ ಮೇಲೆ ಹಿಡಿತ ಕೊಡುವುದಕ್ಕಿಂತ ಜಾರುವುದೇ ಹೆಚ್ಚು.

ಊರೊಳಗಿನ ಮೊದಲ ಭಾಗವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದೂ ಸಣ್ಣಗೆ ಏರುತ್ತಲೇ ಇರುತ್ತದೆ. ಡೋಲು, ಲೇಜಿಮ್, ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುವ ಮನೆಮಂದಿ, ಸುತ್ತ ಸಾವಿರಾರು ಜನರ ಓಟ. ಈ ಗದ್ದಲದಲ್ಲಿ ಕಾಲು ತಾನಾಗಿಯೇ ವೇಗ ಹಿಡಿಯುತ್ತದೆ. ಘಾಟಿಯ ಬುಡಕ್ಕೆ ಬರುವಾಗಲೇ ಉಸಿರು ಮೇಲೆ ಬಂದಿದ್ದರೆ ಮುಂದಿನ ನಾಲ್ಕೈದು ಕಿಲೋಮೀಟರಿನಲ್ಲಿ ಅದು ಇಳಿಯುವುದಿಲ್ಲ. ಮೊದಲ ಮೂರು ಕಿಲೋಮೀಟರನ್ನು ನಿಮ್ಮ ಮಾಮೂಲಿ ಹಾಫ್ ಮ್ಯಾರಥಾನ್ ವೇಗಕ್ಕಿಂತ ಕಿಲೋಮೀಟರಿಗೆ 20ರಿಂದ 30 ಸೆಕೆಂಡು ನಿಧಾನವಾಗಿ ಓಡಿ. ಹಿಂದಿನವರು ದಾಟಿಕೊಂಡು ಹೋದರೆ ಹೋಗಲಿ, ಅವರಲ್ಲಿ ಅರ್ಧ ಜನ ಘಾಟಿಯಲ್ಲಿ ಸಿಗುತ್ತಾರೆ.

ಏರಿನ ಲೆಕ್ಕ ಹೀಗೆ. ನಮ್ಮ ದೇಶದ ಗುಡ್ಡಗಾಡು ರಸ್ತೆಗಳನ್ನು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಸಾಮಾನ್ಯವಾಗಿ ಶೇ 5 ಅಥವಾ 6ರ ಏರಿಗೆ, ಅಂದರೆ ನೂರು ಮೀಟರಿಗೆ ಐದಾರು ಮೀಟರ್ ಎತ್ತರ ಏರುವಂತೆ, ವಿನ್ಯಾಸ ಮಾಡುತ್ತಾರೆ. ಅನಿವಾರ್ಯವಾದಲ್ಲಿ 7, 8ರವರೆಗೆ ಹೋಗುತ್ತದೆ. ಸಂಶೋಧಕ ಮಿನೆಟ್ಟಿ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಶೇ 5ರ ಏರಿನಲ್ಲಿ ಪ್ರತಿ ಮೀಟರ್ ಓಡಲು ಸಮತಟ್ಟಿಗಿಂತ ಸುಮಾರು ಶೇ 30 ಹೆಚ್ಚು ಶಕ್ತಿ ಬೇಕು. ಶೇ 10ರ ಏರಿಗೆ ಸುಮಾರು ಶೇ 65 ಹೆಚ್ಚು. ಸಮತಟ್ಟಿನಲ್ಲಿ 2 ಗಂಟೆ 10 ನಿಮಿಷಕ್ಕೆ ಹಾಫ್ ಮುಗಿಸುವವರ ವೇಗ ಕಿಲೋಮೀಟರಿಗೆ 6:10 (6 ನಿಮಿಷ 10 ಸೆಕೆಂಡು). ಅದೇ ಶ್ರಮದಲ್ಲಿ ಶೇ 5ರ ಏರು ಹತ್ತಿದರೆ ಸುಮಾರು 8:00 ಬರುತ್ತದೆ. ವಾಚಿನಲ್ಲಿ 8:00 ಕಂಡರೆ ಗಾಬರಿ ಬೇಡ, ಅದೇ ಸರಿಯಾದ ವೇಗ.

ಇಳಿಜಾರಿನಲ್ಲಿ ಶೇ 5ಕ್ಕೆ ಸುಮಾರು ಕಾಲುಭಾಗ ಶಕ್ತಿ ಉಳಿತಾಯವಾಗುತ್ತದೆ. ಕಾಗದದ ಮೇಲೆ ಇದೇ ಓಟಗಾರ ಕಿಲೋಮೀಟರಿಗೆ 4:40ರಲ್ಲಿ ಇಳಿಯಬಹುದು. ಆದರೆ ಹೃದಯ, ಶ್ವಾಸಕೋಶ ಒಪ್ಪಿದರೂ ಅಷ್ಟು ವೇಗದಲ್ಲಿ ಕಾಲು ಎತ್ತಿಡುವ ಅಭ್ಯಾಸ ಇರುವುದಿಲ್ಲ, ತೊಡೆ ಆ ಹೊಡೆತ ತಾಳುವುದಿಲ್ಲ. ಹವ್ಯಾಸಿಗಳಿಗೆ 5:40, 5:50 ಸಿಕ್ಕರೆ ಅದೇ ದೊಡ್ಡದು. ಅಂದರೆ ಹತ್ತುವಾಗ ಕಳೆದುಕೊಂಡದ್ದು ಇಳಿಯುವಾಗ ಪೂರ್ತಿ ವಾಪಸ್ ಬರುವುದಿಲ್ಲ. ನಿಮ್ಮ ಸಮತಟ್ಟಿನ ಸಮಯಕ್ಕೆ 10ರಿಂದ 15 ನಿಮಿಷ ಸೇರಿಸಿಕೊಂಡು ಗುರಿ ಇಟ್ಟುಕೊಳ್ಳಿ.

ಇಳಿಯುವಾಗ ತೊಡೆಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹತ್ತುವಾಗ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಮೈಭಾರವನ್ನು ತಡೆಯುತ್ತಲೇ ಉದ್ದಕ್ಕೆ ಎಳೆಸಿಕೊಳ್ಳುತ್ತದೆ. ಹೀಗೆ ಎಳೆಸಿಕೊಳ್ಳುತ್ತಾ ಬಿಗಿಹಿಡಿಯುವಾಗಲೇ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಸೀಳುಗಳಾಗುವುದು. ಹೊಡೆತವೂ ಜಾಸ್ತಿ: ಸುಮಾರು ಶೇ 16ರ ಕಡಿದಾದ ಇಳಿಜಾರಿನಲ್ಲಿ ಪಾದ ನೆಲಕ್ಕೆ ಬಡಿಯುವ ಬಲ ಸಮತಟ್ಟಿಗಿಂತ ಶೇ 54 ಹೆಚ್ಚೆಂದು 2005ರ ಒಂದು ಅಧ್ಯಯನ ಅಳೆದು ತೋರಿಸಿತ್ತು. ಘಾಟಿ ರಸ್ತೆ ಅಷ್ಟು ಕಡಿದಲ್ಲ. ಆದರೆ ಕಿಲೋಮೀಟರಿಗೆ ಸಾವಿರದಷ್ಟು ಹೆಜ್ಜೆ, ಅಂಥ ಎಷ್ಟೋ ಕಿಲೋಮೀಟರ್. ಕೊನೆಗೆ ಊರೊಳಗೆ ಬರುವ ಹೊತ್ತಿಗೆ ತೊಡೆ ಮರಗಟ್ಟಿರುತ್ತದೆ. ಉಸಿರು ಆರಾಮಾಗಿದ್ದರೂ ಕಾಲು ಏಳುವುದಿಲ್ಲ.

ಸಮಾಧಾನದ ಸಂಗತಿ ಎಂದರೆ ಈ ಹಾನಿಗೆ ದೇಹ ಬೇಗ ಒಗ್ಗಿಕೊಳ್ಳುತ್ತದೆ. ಒಮ್ಮೆ ಇಳಿಜಾರು ಓಡಿ ತೊಡೆ ನೋಯಿಸಿಕೊಂಡರೆ, ಮುಂದಿನ ಕೆಲವು ವಾರ ಅದೇ ಹೊಡೆತಕ್ಕೆ ನೋವು ಬಹಳ ಕಡಿಮೆ. ತಯಾರಿಯ ಮುಖ್ಯ ಗುಟ್ಟು ಇದೇ. ಹತ್ತುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ, ಇಳಿಯುವಾಗ ಮಾತ್ರ ಆರಾಮಾಗಿ ನಡೆದು ಬರುತ್ತಾರೆ. ಟ್ರೆಡ್‌ಮಿಲ್‌ನಲ್ಲಿ ಶೇ 6ಕ್ಕೆ ಇಟ್ಟು ತಿಂಗಳುಗಟ್ಟಲೆ ಓಡಿದವರಿಗೂ ಘಾಟಿ ಇಳಿಯುವಾಗ ಬಾಧೆ ತಪ್ಪದಿರುವುದು ಇದಕ್ಕೇ.

ಹನ್ನೆರಡು ವಾರ ಸಿಕ್ಕರೆ ಸಾಕು, ಆದರೆ 15 ಕಿಲೋಮೀಟರನ್ನು ಆರಾಮಾಗಿ ಓಡುವಷ್ಟು ಬುನಾದಿ ಮೊದಲೇ ಇರಬೇಕು. ಮೊದಲ ಮೂರು ವಾರ ವಾರಕ್ಕೊಮ್ಮೆ ಏರಿನ ಅಭ್ಯಾಸ: ಶೇ 5–6ರ ಏರಿನಲ್ಲಿ ಒಂದೂವರೆ ನಿಮಿಷ ಜೋರಾಗಿ ಹತ್ತಿ, ನಡೆದು ಇಳಿಯಿರಿ. ಆರು ಸಲದಿಂದ ಶುರು. ನಾಲ್ಕನೇ ವಾರದಿಂದ ಹತ್ತುವ ಅವಧಿ ಮೂರು ನಿಮಿಷಕ್ಕೆ ಏರಲಿ, ಇಳಿಯುವುದೂ ಓಟವಾಗಲಿ. ಮೊದಲು ಮೆಲ್ಲನೆಯ ಇಳಿಜಾರಿನಲ್ಲಿ 200 ಮೀಟರ್ ನಾಲ್ಕು ಸಲ, ವಾರ ಕಳೆದಂತೆ 400 ಮೀಟರ್ ಎಂಟು ಸಲ. ಮೊದಲ ಸಲದ ನಂತರ ಎರಡು ದಿನ ಮೆಟ್ಟಿಲಿಳಿಯುವಾಗ ತೊಡೆ ಚುರುಗುಟ್ಟುತ್ತದೆ, ಅದು ಸಹಜ. ಮೊಣಚಿಪ್ಪಿನ ಸುತ್ತ ಅಥವಾ ಮೊಣಕಾಲಿನ ಹೊರಬದಿಯಲ್ಲಿ ನೋವು ಬಂದರೆ ಮಾತ್ರ ನಿಲ್ಲಿಸಿ. ಅದು ಸ್ನಾಯುವಿನ ನೋವಲ್ಲ, ಇಳಿಜಾರು ಬೇಗ ಹೆಚ್ಚಿಸಿದ್ದರ ಸೂಚನೆ. ಕೊನೆಯ ಗಟ್ಟಿ ಇಳಿಜಾರಿನ ಅಭ್ಯಾಸ ಓಟಕ್ಕೆ 10ರಿಂದ 14 ದಿನ ಮೊದಲು ಮುಗಿದಿರಬೇಕು. ಅದಕ್ಕಿಂತ ತಡವಾದರೆ ನೋವು ಉಳಿಸಿಕೊಂಡೇ ಸಾತಾರಾ ಬಸ್ಸು ಹತ್ತಬೇಕಾಗುತ್ತದೆ.

ವಾರಾಂತ್ಯದ ಉದ್ದ ಓಟದಲ್ಲಿ ಒಟ್ಟು ಏರನ್ನು ಲೆಕ್ಕ ಇಡಿ. 100 ಮೀಟರಿನಿಂದ ಆರಂಭಿಸಿ, ಒಂಬತ್ತು ಹತ್ತನೇ ವಾರಕ್ಕೆ 350–400 ಮೀಟರ್ ಮುಟ್ಟಿದರೆ ಸಾತಾರಾಕ್ಕೆ ಸಾಲುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ರಸ್ತೆಯೇ ಇದೆ. ಅದಕ್ಕಿಂತ ಒಳ್ಳೆಯ ಅಭ್ಯಾಸದ ಜಾಗ ಹುಡುಕುವ ಅಗತ್ಯವಿಲ್ಲ. ಬೆಳಗಾವಿಯವರಿಗೆ ಯಳ್ಳೂರಿನ ರಾಜಹಂಸಗಡ, ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟ. ಬೆಂಗಳೂರಿನವರಿಗೆ 1,478 ಮೀಟರ್ ಎತ್ತರದ ನಂದಿ ಬೆಟ್ಟವಿದೆ, ಆದರೆ ಭಾನುವಾರ ಬೆಳಗಿನ ಕಾರು, ಬೈಕುಗಳ ನಡುವೆ ಅಲ್ಲಿ ಇಳಿಜಾರು ಓಡುವುದು ಜಾಣತನವಲ್ಲ. ವಾರದ ನಡುವೆ ಹೋಗಿ, ಪ್ರವೇಶದ ಸಮಯ ಮೊದಲೇ ವಿಚಾರಿಸಿಕೊಳ್ಳಿ.

ಬೆಟ್ಟವೇ ಸಿಗದಿದ್ದರೆ ಅಪಾರ್ಟ್‌ಮೆಂಟಿನ ಮೆಟ್ಟಿಲು. ಒಂದು ಮಹಡಿ ಸುಮಾರು 3 ಮೀಟರ್ ಎಂದರೆ ಹತ್ತು ಮಹಡಿ 30 ಮೀಟರ್, ಹತ್ತು ಸಲಕ್ಕೆ 300 ಮೀಟರ್. ಹತ್ತುವಾಗ ಮೆಟ್ಟಿಲು, ಇಳಿಯುವಾಗ ಲಿಫ್ಟ್ ಎಂದು ಬುದ್ಧಿವಂತಿಕೆ ತೋರಿಸಬೇಡಿ, ನಮಗೆ ಬೇಕಿರುವುದೇ ಆ ಇಳಿಯುವಿಕೆ. ಫ್ಲೈಓವರ್ ಪರವಾಗಿಲ್ಲ, ಆದರೆ ಒಂದು ಸಲಕ್ಕೆ ಆರೇಳು ಮೀಟರ್ ಮಾತ್ರ ಏರು ಸಿಗುತ್ತದೆ, ಹೊಗೆ ಬೇರೆ.

ಇದರ ಜೊತೆ ವಾರಕ್ಕೆ ಎರಡು ದಿನ ಮನೆಯಲ್ಲೇ ಕಾಲಿಗೆ ಬಲ. ಸುಮಾರು 20 ಸೆಂಟಿಮೀಟರ್ ಎತ್ತರದ ಮೆಟ್ಟಿಲ ಮೇಲೆ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲಿನ ಹಿಮ್ಮಡಿ ನೆಲ ಮುಟ್ಟುವವರೆಗೆ ಮೂರು ಸೆಕೆಂಡು ತೆಗೆದುಕೊಂಡು ನಿಧಾನವಾಗಿ ಇಳಿಸಿ. ಹನ್ನೆರಡು ಸಲ, ಮೂರು ಸುತ್ತು. ಮೊಣಕಾಲು ಒಳಕ್ಕೆ ವಾಲಿದರೆ ಎತ್ತರ ಕಡಿಮೆ ಮಾಡಿ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿಳಿಸುವುದು ಹದಿನೈದು ಸಲ, ಇದೂ ಮೂರು ಸುತ್ತು. ಏರಿನಲ್ಲಿ ಮೀನಖಂಡಕ್ಕೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೂ ಬೀಳುವ ಎಳೆತ ಸಮತಟ್ಟಿನ ಓಟಗಾರರಿಗೆ ಹೊಸದು.

ಹೊರಡುವ ಮುನ್ನ ಸಣ್ಣಪುಟ್ಟ ಸಾಮಾನು. ಓಟಕ್ಕೆ ನಾಲ್ಕು ದಿನ ಮೊದಲು ಕಾಲುಗುರು ನೇರವಾಗಿ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದರೆ ತುದಿಯ ಚರ್ಮ ಉರಿಯುತ್ತದೆ, ಕತ್ತರಿಸದೇ ಹೋದರೆ ಇಳಿಯುವಾಗ ಬೆರಳು ಶೂವಿನ ಮುಂಭಾಗಕ್ಕೆ ಬಡಿದು ಉಗುರು ಕಪ್ಪಾಗುತ್ತದೆ. ಶೂವಿನಲ್ಲಿ ಹೆಬ್ಬೆರಳ ಮುಂದೆ ಅರ್ಧ ಅಂಗುಲ ಜಾಗ ಬೇಕು. ಕಣಕಾಲಿನ ಬಳಿ ಶೂವಿಗೆ ಇರುವ, ಯಾರೂ ಬಳಸದ ಆ ಕೊನೆಯ ತೂತು ಇದಕ್ಕಾಗಿಯೇ ಇರುವುದು: ಲೇಸನ್ನು ಅದೇ ಬದಿಯ ತೂತಿಗೆ ಹಾಕಿ ಕುಣಿಕೆ ಮಾಡಿ, ಎದುರು ಬದಿಯ ಲೇಸನ್ನು ಆ ಕುಣಿಕೆಯೊಳಗೆ ತೂರಿಸಿ ಎಳೆದು ಕಟ್ಟಿ. ಹಿಮ್ಮಡಿ ಹಿಂದೆಯೇ ಕೂರುತ್ತದೆ, ಪಾದ ಮುಂದಕ್ಕೆ ಜಾರುವುದಿಲ್ಲ.

ಓಟ ಬರುವುದು ಮಳೆಗಾಲ ಇನ್ನೂ ಮುಗಿಯದ ದಿನಗಳಲ್ಲಿ. ಘಾಟಿಯ ಮೇಲೆ ಮಂಜು, ತುಂತುರು, ಕೆಲವೊಮ್ಮೆ ರಪರಪ ಮಳೆ. ಹತ್ತಿಯ ಕಾಲುಚೀಲ, ಹತ್ತಿಯ ಟೀಶರ್ಟ್ ಎರಡೂ ಬೇಡ. ತೊಡೆಸಂದು, ಕಂಕುಳು, ಗಂಡಸರಿಗೆ ಮೊಲೆತೊಟ್ಟು, ಹೆಂಗಸರಿಗೆ ಒಳಉಡುಪಿನ ಪಟ್ಟಿ ತಾಗುವ ಜಾಗ, ಇಷ್ಟಕ್ಕೂ ವ್ಯಾಸಲೀನ್ ಧಾರಾಳವಾಗಿ ಹಚ್ಚಿ. ಒದ್ದೆ ಬಟ್ಟೆ ಎರಡು ಗಂಟೆ ಉಜ್ಜಿದರೆ ಸ್ನಾನಕ್ಕೆ ನೀರು ಹಾಕಿಕೊಂಡಾಗ ಗೊತ್ತಾಗುತ್ತದೆ. ಮುಂದೆ ಅಂಚಿರುವ ಟೋಪಿ ಇದ್ದರೆ ಮಳೆ ಕಣ್ಣಿಗೆ ಬೀಳದು. ರೈನ್‌ಕೋಟ್ ತೊಟ್ಟು ಓಡಬೇಡಿ, ಒಳಗೆ ಬೆವರಿನಲ್ಲೇ ನೆನೆಯುತ್ತೀರಿ. ಆರಂಭದ ಸಾಲಿನಲ್ಲಿ ಕಾಯುವಷ್ಟು ಹೊತ್ತು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತಲೆತೂತು ಮಾಡಿ ಹಾಕಿಕೊಳ್ಳಿ, ಹೊರಡುವಾಗ ಕಸದಬುಟ್ಟಿಗೆ ಹಾಕಿ, ರಸ್ತೆಗಲ್ಲ.

ಬೆಂಗಳೂರಿನಿಂದ ಸಾತಾರಾಕ್ಕೆ ರಾಷ್ಟ್ರೀಯ ಹೆದ್ದಾರಿ 48 ನೇರ ದಾರಿ: ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಕರಾಡ್ ದಾಟಿ ಬರುತ್ತದೆ. ಶನಿವಾರ ರಾತ್ರಿಯ ಬಸ್ಸಿನಲ್ಲಿ ಬಂದು ಭಾನುವಾರ ಬೆಳಿಗ್ಗೆ ಓಡುವ ಲೆಕ್ಕಾಚಾರ ಕೈಕೊಡುತ್ತದೆ, ಬಿಬ್ (ಎದೆಗೆ ಸಿಕ್ಕಿಸುವ ಓಟದ ನಂಬರು) ಪಡೆಯುವ ಸಮಯವೂ ಮೀರಿರುತ್ತದೆ. ಶುಕ್ರವಾರ ರಾತ್ರಿ ಹೊರಟು ಶನಿವಾರ ಮುಟ್ಟಿ. ಬಸ್ಸಿಳಿದ ಮೇಲೆ ಸಂಜೆ ಇಪ್ಪತ್ತು ನಿಮಿಷ ಹಗುರ ಓಟ, ಕೊನೆಯಲ್ಲಿ ನಾಲ್ಕು ಸಲ 15 ಸೆಕೆಂಡು ಚುರುಕಾಗಿ. ಊಟಕ್ಕೆ ಅನ್ನ, ಬೇಳೆ, ಮೊಸರು. ಮಿಸಳ್ ಓಟ ಮುಗಿದ ಮೇಲಿರಲಿ. ಹಿಂದಿನ ದಿನದ ಖಾರ ಎಂಟನೇ ಕಿಲೋಮೀಟರಿನಲ್ಲಿ ಶೌಚಾಲಯ ಹುಡುಕಿಸುತ್ತದೆ, ಘಾಟಿಯಲ್ಲಿ ಅದು ಸುಲಭಕ್ಕೆ ಸಿಗುವ ವಸ್ತುವಲ್ಲ.

ಬೆಳಿಗ್ಗೆ ಓಟಕ್ಕೆ ಎರಡೂವರೆ ಗಂಟೆ ಮೊದಲು ಎರಡು ಇಡ್ಲಿ, ಒಂದು ಬಾಳೆಹಣ್ಣು, ಅಥವಾ ಬ್ರೆಡ್ಡು ಜಾಮು. ಅಭ್ಯಾಸದ ದಿನಗಳಲ್ಲಿ ತಿಂದು ನೋಡಿದ್ದನ್ನೇ ತಿನ್ನಿ. ಎರಡು ಗಂಟೆ ಮೀರುವ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಬೇಕು. ಒಂದು ಎನರ್ಜಿ ಜೆಲ್‌ನಲ್ಲಿ (ಓಡುತ್ತಲೇ ನುಂಗುವ ಸಿಹಿ ಅಂಟಿನ ಪೊಟ್ಟಣ) 20–25 ಗ್ರಾಂ ಇರುತ್ತದೆ, ಒಂದು ಮಧ್ಯಮ ಬಾಳೆಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಮೊದಲ ಜೆಲ್ ಘಾಟಿ ಆರಂಭವಾಗುವ ಮೊದಲೇ ನುಂಗಿ. ಏದುಸಿರಿನ ನಡುವೆ ಅಂಟಂಟಾದ ಜೆಲ್ ಗಂಟಲಿಗೆ ಇಳಿಯುವುದಿಲ್ಲ. ಎರಡನೆಯದು ತಿರುವಿನ ಬಳಿ, ಇಳಿಯಲು ಶುರು ಮಾಡುವ ಮುಂಚೆ. ಹೊಟ್ಟೆ ಕುಲುಕುವ ಇಳಿಜಾರಿನಲ್ಲಿ ತಿಂದರೆ ಪಕ್ಕೆ ಹಿಡಿದುಕೊಳ್ಳುವ ಸಂಭವ ಜಾಸ್ತಿ. ತಂಪು ಹವೆಯಲ್ಲಿ ಬಾಯಾರಿಕೆಯಾದಷ್ಟು ನೀರು ಸಾಕು. ಕಂಡ ಕಡೆಯಲ್ಲೆಲ್ಲ ಎರಡು ಲೋಟ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಬರಬಹುದು, ವಿಪರೀತಕ್ಕೆ ಹೋದರೆ ಪ್ರಾಣಾಪಾಯವೂ ಉಂಟು. ಓಆರ್‌ಎಸ್ ಬೆರೆಸಿಕೊಳ್ಳುವುದಾದರೆ ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರಿಗೇ ಹಾಕಿ, ಅರ್ಧ ಲೀಟರಿನ ಬಾಟಲಿಗೆ ಸುರಿದರೆ ಹೊಟ್ಟೆ ಕೆಡುತ್ತದೆ.

ಈಗ ಘಾಟಿ. ಹೆಜ್ಜೆ ಚಿಕ್ಕದಾಗಲಿ, ಆದರೆ ಲಯ ಇಳಿಯದಿರಲಿ. ಸೊಂಟದಲ್ಲಿ ಬಾಗಬೇಡಿ, ಬಾಗಿದರೆ ಉಸಿರಿಗೆ ಜಾಗ ಸಾಲದೆ ಸೊಂಟವೂ ಹಿಡಿಯುತ್ತದೆ. ಕಣಕಾಲಿನಿಂದಲೇ ಇಡೀ ಮೈ ತುಸು ಮುಂದಕ್ಕೆ ವಾಲಲಿ, ನೋಟ ಹತ್ತು ಮೀಟರ್ ಮುಂದಿರಲಿ. ತಿರುವುಗಳ ಮೇಲಿನ ತುದಿ ನೋಡಿದಷ್ಟೂ ಮನಸ್ಸು ಸೋಲುತ್ತದೆ. ವಾಚಿನ ತತ್‌ಕ್ಷಣದ ವೇಗ ನಂಬಬೇಡಿ, ಗುಡ್ಡದ ಬದಿಯಲ್ಲಿ, ಸುತ್ತುಬಳಸಿನ ದಾರಿಯಲ್ಲಿ ಜಿಪಿಎಸ್ ತಪ್ಪುತ್ತಿರುತ್ತದೆ. ನಾಲ್ಕೈದು ಪದದ ಒಂದು ವಾಕ್ಯ ತಡೆಯಿಲ್ಲದೆ ಹೇಳಲು ಬಂದರೆ ಶ್ರಮ ಸರಿಯಾಗಿದೆ, ಎರಡೇ ಪದಕ್ಕೆ ಉಸಿರು ನಿಂತರೆ ಹೆಚ್ಚಾಗಿದೆ.

ನಡೆಯುವುದಕ್ಕೆ ನಾಚಿಕೆ ಬೇಡ. ಆದರೆ ಸುಸ್ತಾದ ಮೇಲೆ ನಡೆಯುವುದಕ್ಕೂ ಸುಸ್ತಾಗದಂತೆ ನಡೆಯುವುದಕ್ಕೂ ವ್ಯತ್ಯಾಸವಿದೆ. ಘಾಟಿಯ ಬುಡದಿಂದಲೇ 90 ಹೆಜ್ಜೆ ಓಟ, 30 ಹೆಜ್ಜೆ ಚುರುಕು ನಡಿಗೆ ಎಂದು ಲೆಕ್ಕ ಹಾಕಿಕೊಂಡು ಹತ್ತಿದವರು, ಅರ್ಧದವರೆಗೆ ಓಡಿ ನಂತರ ಕಾಲೆಳೆಯುವವರಿಗಿಂತ ಸಾಮಾನ್ಯವಾಗಿ ಮೊದಲು ಮೇಲಿರುತ್ತಾರೆ. ಹೇರ್‌ಪಿನ್ ತಿರುವಿನಲ್ಲಿ ಒಳ ಅಂಚು ಚಿಕ್ಕದು, ಆದರೆ ಅಲ್ಲಿ ಏರು ಗೋಡೆಯಂತೆ ಎದ್ದಿರುತ್ತದೆ. ಎರಡು ಮೂರು ಮೀಟರ್ ಹೆಚ್ಚಾದರೂ ರಸ್ತೆಯ ನಡುವೆ ಹಾದು ಹೋಗಿ. ಎದುರಿನಿಂದ ಮುಂಚೂಣಿಯವರು ಇಳಿದು ಬರತೊಡಗಿದ ಮೇಲೆ ನಿಮ್ಮ ಬದಿ ಬಿಟ್ಟು ಹೋಗಬೇಡಿ, ಅವರು ನಿಲ್ಲುವ ವೇಗದಲ್ಲಿರುವುದಿಲ್ಲ. ಸಾಲಾಗಿ ನಿಂತು ಸೆಲ್ಫಿ ತೆಗೆಯುವವರ ಬಗ್ಗೆ ಏನೂ ಹೇಳದಿರುವುದೇ ಮೇಲು.

ತಿರುಗಿದ ತಕ್ಷಣ ಎಲ್ಲರೂ ಹಾರಿಕೊಂಡು ಓಡುತ್ತಾರೆ. ನೀವು ಮೊದಲ ಒಂದು ಕಿಲೋಮೀಟರ್ ತಡೆದುಕೊಳ್ಳಿ, ಹತ್ತಿ ಬಿಗಿದ ಮೀನಖಂಡ ಸಡಿಲವಾಗಲಿ. ಇಳಿಯುವಾಗ ಮಾಡುವ ಸಾಮಾನ್ಯ ತಪ್ಪು ಹಿಂದಕ್ಕೆ ವಾಲಿ, ಕಾಲನ್ನು ಮುಂದೆ ಚಾಚಿ, ಹಿಮ್ಮಡಿ ಊರಿ ಬ್ರೇಕ್ ಹಾಕುವುದು. ಆ ಒಂದೊಂದು ಬ್ರೇಕಿನ ಹೊಡೆತವೂ ತೊಡೆಗೆ, ಮೊಣಕಾಲಿಗೆ. ಪಾದ ಸೊಂಟದ ನೇರ ಕೆಳಗೆ ಬೀಳಬೇಕು, ಮೊಣಕಾಲು ಸ್ವಲ್ಪ ಮಡಿಚಿರಬೇಕು, ಹೆಜ್ಜೆ ಚಿಕ್ಕದಾಗಿ ನಿಮಿಷಕ್ಕೆ 175–180ರಷ್ಟು ಬೀಳಬೇಕು. ವೇಗ ಕೈಮೀರುತ್ತಿದೆ ಅನಿಸಿದರೆ ಹಿಂದೆ ವಾಲದೆ ಹೆಜ್ಜೆಯನ್ನು ಇನ್ನೂ ಚಿಕ್ಕದು ಮಾಡಿ. ಕೈಗಳು ಅಗಲವಾಗಿ ಆಡಿದರೆ ಆಡಲಿ, ಸಮತೋಲನಕ್ಕೆ ಒಳ್ಳೆಯದು. ಪಾದದ ಸದ್ದು ಕೇಳಿಸಿಕೊಳ್ಳಿ: ಪಟಪಟ ಬಡಿಯುತ್ತಿದ್ದರೆ ಹೆಜ್ಜೆ ಉದ್ದವಾಗಿದೆ ಎಂದರ್ಥ.

ಒದ್ದೆ ರಸ್ತೆಯಲ್ಲಿ ಜಾರುವ ಜಾಗಗಳು ಗೊತ್ತಿರಲಿ. ಬಿಳಿ, ಹಳದಿ ಬಣ್ಣದ ಗೆರೆ, ರಸ್ತೆಯ ಹೊಳೆಯುವ ಬಿಲ್ಲೆಗಳು, ಗುಡ್ಡದ ಬದಿಯ ಚರಂಡಿಯಂಚಿನ ಪಾಚಿ, ಸಗಣಿ, ನೀರಿನ ಮೇಜುಗಳ ಸುತ್ತ ಬಿದ್ದಿರುವ ಲೋಟ ಮತ್ತು ಬಾಳೆಸಿಪ್ಪೆ. ಅಂಚಿನಲ್ಲಿ ರಸ್ತೆ ಓರೆಯಾಗಿರುವುದರಿಂದ ಒಂದೇ ಬದಿಯಲ್ಲಿ ಬಹಳ ಹೊತ್ತು ಓಡಿದರೆ ಮೊಣಕಾಲಿನ ಹೊರಬದಿ ನೋಯತೊಡಗುತ್ತದೆ. ನಿಮಗೆ ಬಿಟ್ಟ ಬದಿಯಲ್ಲೇ ಆದಷ್ಟು ನಡುವಿಗೆ ಓಡಿ. ಪಕ್ಕೆ ಹಿಡಿದರೆ ನಿಧಾನ ಮಾಡಿ, ನೋವಿರುವ ಜಾಗವನ್ನು ಬೆರಳಿನಿಂದ ಒತ್ತಿ, ಆ ಬದಿಯ ಎದುರು ಕಾಲು ಊರುವಾಗ ಉಸಿರನ್ನು ಪೂರ್ತಿ ಹೊರಬಿಡಿ. ಮೀನಖಂಡ ಗಂಟುಕಟ್ಟಿದರೆ ನಿಂತು, ಕಾಲು ನೇರ ಮಾಡಿ, ಪಾದದ ತುದಿಯನ್ನು ಮೈಕಡೆ ಎಳೆದು ಅರ್ಧ ನಿಮಿಷ ಹಿಡಿಯಿರಿ. ನೋವಿನ ಸ್ಪ್ರೇ ತಣ್ಣಗಾಗಿಸುತ್ತದೆ, ಅಷ್ಟೇ. ಓಟದ ಮೊದಲು ಅಥವಾ ನಡುವೆ ಐಬುಪ್ರೊಫೆನ್ ಥರದ ಮಾತ್ರೆ ಖಂಡಿತ ಬೇಡ, ನೀರು ಕಡಿಮೆಯಾದ ದೇಹದಲ್ಲಿ ಮೂತ್ರಪಿಂಡಕ್ಕೆ ಅಪಾಯ.

ಮುಗಿಸಿದ ಮೇಲೆ ಹತ್ತು ನಿಮಿಷ ನಡೆದಾಡಿ, ಒದ್ದೆ ಬಟ್ಟೆ ಕೂಡಲೇ ಬದಲಿಸಿ. ನೋವು ಜೋರಾಗುವುದು ಮರುದಿನ, ಅದರ ಮರುದಿನ. ಎರಡು ಮೂರು ದಿನ ಮೆಟ್ಟಿಲನ್ನು ಕೈಕಂಬಿ ಹಿಡಿದೇ ಇಳಿಯಬೇಕಾಗುತ್ತದೆ. ಗಟ್ಟಿಯಾಗಿ ಮಸಾಜು ಮಾಡಿಸಿ ಹರಿದ ಸ್ನಾಯುವನ್ನು ಇನ್ನಷ್ಟು ನೋಯಿಸಬೇಡಿ, ನಡಿಗೆ ಮತ್ತು ನಿದ್ದೆ ಸಾಕು. ನಾಲ್ಕೈದು ದಿನ ಕಳೆದ ಮೇಲೆ ಸಮತಟ್ಟಿನಲ್ಲಿ ಹಗುರವಾಗಿ ಓಡಿ, ಇಳಿಜಾರಿಗೆ ಎರಡು ವಾರ ರಜೆ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ತೊಡೆ ಊದಿಕೊಂಡರೆ ಮನೆಮದ್ದು ಮಾಡುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಹೋಗಿ.

ಇನ್ನು ಕಾಸ್. 2012ರಲ್ಲಿ ಪಶ್ಚಿಮ ಘಟ್ಟದ ಇತರ ತಾಣಗಳ ಜೊತೆ ಯುನೆಸ್ಕೊ ಪಟ್ಟಿ ಸೇರಿದ ಈ ಹೂವಿನ ಬಯಲು ನೀವು ಓಡಿದ ರಸ್ತೆಯಲ್ಲೇ ಮುಂದಿದೆ, ಸಾತಾರಾದಿಂದ ಸುಮಾರು 25 ಕಿಲೋಮೀಟರ್. ಹೂವಿನ ಕಾಲದಲ್ಲಿ ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ಟಿಕೆಟನ್ನು ಆನ್‌ಲೈನ್‌ನಲ್ಲಿ ಮೊದಲೇ ತೆಗೆದಿಡಿ. ಓಟ ಮುಗಿದು ಘಾಟಿ ರಸ್ತೆ ವಾಹನಗಳಿಗೆ ತೆರೆದ ಮೇಲೆ, ಭಾನುವಾರ ಮಧ್ಯಾಹ್ನವೇ ಹೋಗಿಬನ್ನಿ. ಸೋಮವಾರಕ್ಕೆ ಇಟ್ಟುಕೊಂಡರೆ ಜೀಪಿನಿಂದ ಕೆಳಗಿಳಿಯಲು ಕಾಲು ಒಪ್ಪುವುದಿಲ್ಲ.